ಜಿಂಕೆಗೆ ವಾಸ್ನೆ ಬರುತ್ತಂತೆ, ಇಂಗು ಹಾಕ್ಬಾರ್ದಂತೆ

ನಿನ್ನೆ ಸಾರಿಗೆ ಒಗ್ಗರಣೆ ಹಾಕೋಣ ಅಂತ ಸೌಟು ಒಲೆ ಮೇಲಿಟ್ಟು ಸಾಸಿವೆ ಡಬ್ಬಿ ಮುಚ್ಚಳ ತೆಗೆದಿದ್ದೆ ಅಷ್ಟೇ, ಗರಾಜಿಂದ ನಮ್ಮ ಯಜಮಾನ್ರ ಕೂಗು. "ಏಯ್, ಇಂಗು ಹಾಕ್ಬೇಡ್ವೇ, ಬೆಳಗ್ಗೆ ಕಾಡಿಗೆ ಹೋಗ್ಬೇಕು!"

ಇಂಗಿಗೂ ಕಾಡಿಗೂ ಏನ್ರೀ ಸಂಬಂಧ ಅನ್ನೋರು ನವೆಂಬರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿಗೆ ಬರ್ಬೇಕು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ ಬಂದೂಕಲ್ಲಿ ಜಿಂಕೆ ಬೇಟೆ ಆಡೋ ಸೀಸನ್ನು, ಬಿಲ್ಲು ಬಾಣದೋರಿಗೆ ಸೆಪ್ಟೆಂಬರ್ ಮಧ್ಯದಿಂದ್ಲೇ ಶುರು. ಊರಲ್ಲಾಗಿದ್ರೆ 1972ರ ವನ್ಯಜೀವಿ ಕಾಯ್ದೆ ಹಿಡ್ದು ಒಳಗೆ ಹಾಕ್ತಿದ್ರು, ಇಲ್ಲಿ ಸರ್ಕಾರನೇ ಲೈಸೆನ್ಸ್ ಕೊಟ್ಟು ಹೋಗಪ್ಪಾ ಅನ್ನುತ್ತೆ. ಅಷ್ಟು ಜಿಂಕೆ ಇವೆ, ರಾತ್ರಿ ಕಾರಿಗೆ ಅಡ್ಡ ಬರ್ತವೆ, ನನ್ನ ಹುರುಳಿಕಾಯಿ ಗಿಡ ಒಂದೂ ಉಳಿಸಿಲ್ಲ. ಪಕ್ಕದ್ಮನೆ ತಾತ ಹೋದ್ವರ್ಷ ಸುಮ್ನೆ ಜೊತೆಗಿರ್ಲಿ ಅಂತ ಇವ್ರನ್ನ ಕರ್ಕೊಂಡು ಹೋದ್ರು ನೋಡಿ, ಹಾಸನದಲ್ಲಿ ಕೋಳಿ ಕುಯ್ಯೋದು ನೋಡೋಕಾಗ್ದೆ ಹಿತ್ಲಿಂದ ಓಡಿ ಹೋಗ್ತಿದ್ದ ಮನುಷ್ಯ ಈ ವರ್ಷ ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡ್ದು ಬಾಣ ಬಿಡೋ ಬಿಲ್ಲು) ತಗೊಂಡು, ಮರಕ್ಕೆ ಕಟ್ಟೋ ಕುರ್ಚಿ ತಗೊಂಡು, ಆಮೇಲೆ ಬಟ್ಟೆ ವಿಷ್ಯಕ್ಕೆ ಬಂದ್ರು.

ಬಾಣಕ್ಕೆ ಜಿಂಕೆ 20-30 ಗಜದೊಳಗೆ ಬರ್ಬೇಕಂತೆ. ಅದರ ಮೂಗು ಬಲು ಚುರುಕು, ಮನುಷ್ಯರ ವಾಸ್ನೆ ಸಿಕ್ಕಿದ್ರೆ ಕಾಲು ನೆಲಕ್ಕೆ ಕುಟ್ಟಿ, ಬುಸ್ ಅಂದು, ಬಿಳೀ ಬಾಲ ಎತ್ಕೊಂಡು ನಾಪತ್ತೆ. ಅದಕ್ಕೇ ಬೇಟೆ ಬಟ್ಟೆಗೆ ವಾಸ್ನೆ ಇಲ್ದಿರೋ ಬೇರೆ ಸೋಪು. ಬಟ್ಟೆ ಹೊಳೆಯೋ ಹಾಗೆ ಮಾಡೋ ಪುಡಿನೂ ಅದರಲ್ಲಿ ಇರಬಾರ್ದು, ನಮಗೆ ಕಾಣದ ನೇರಳಾತೀತ ಬೆಳಕು ಜಿಂಕೆಗೆ ಕಾಣುತ್ತಂತೆ. ತಮಾಷೆ ಅಂದ್ರೆ ಕಿತ್ತಳೆ ಬಣ್ಣ ಸರಿಯಾಗಿ ಕಾಣಲ್ಲ, ಅದಕ್ಕೇ ಬಂದೂಕಿನ ಸೀಸನ್ನಲ್ಲಿ ಕಣ್ಣು ಕುಕ್ಕೋ ಕಿತ್ತಳೆ ಜಾಕೆಟ್ಟು ಹಾಕ್ಕೊಂಡು ಕೂತ್ರೂ ಪರ್ವಾಗಿಲ್ಲ, ಆದ್ರೆ ನನ್ನ ಮೆಂತ್ಯದ ಪರಿಮಳ ಮಾತ್ರ ಆಗಲ್ಲ! ವಾಷಿಂಗ್ ಮೆಷಿನ್ನು ಮೊದಲು ಖಾಲಿ ತಿರುಗ್ಬೇಕು, ನಮ್ಮ ಸೋಪಿನ ಮೈಲಿಗೆ ಹೋಗೋಕೆ. ಆಮೇಲೆ ಆ ಬಟ್ಟೆ ಹೊರಗೆ ಗಾಳೀಲೇ ಒಣಗ್ಬೇಕು, ಒಣಗುತ್ತಾ ಈ ಚಳೀಲಿ, ಪ್ಯಾಂಟು ಹೆಪ್ಪುಗಟ್ಟಿ ಹಪ್ಪಳ ಆಗಿರುತ್ತೆ. ಅದನ್ನ ಕಾಡಿನ ವಾಸ್ನೆ ಹಿಡೀಲಿ ಅಂತ ಪೈನ್ ಸೊಪ್ಪು, ಒಣ ಎಲೆ, ಒಂದಿಷ್ಟು ಮಣ್ಣು ಹಾಕಿ ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟು, ಬೆಳಗಿನ ಜಾವ ಗರಾಜಲ್ಲಿ ನಡುಗ್ತಾ ಹಾಕ್ಕೊಳ್ಳೋದು. ದೀಪಾವಳಿಗೆ ಎಣ್ಣೆ ಸ್ನಾನನೂ ಮಾಡ್ಲಿಲ್ಲ, ಹರಳೆಣ್ಣೆ ವಾಸ್ನೆ ವಾರ ಹೋಗಲ್ಲ ಅಂತ. ಇದೇ ಮಹಾನುಭಾವ್ರು ಗಂಡು ಜಿಂಕೆ ಸೆಳೆಯೋಕೆ ಅಂತ ಹೆಣ್ಣು ಜಿಂಕೆ ಗಂಜಲದ ಬಾಟ್ಲಿ ತಂದು ಫ್ರಿಜ್ಜಲ್ಲಿ ತುಪ್ಪದ ಪಕ್ಕ ಇಟ್ಟಿದಾರೆ. ಅದು ವಾಸ್ನೆ ಅಲ್ವಂತೆ, ಅದು 'ಸೆಂಟ್' ಅಂತೆ.

ನನಗೆ ಹೊಟ್ಟೆ ಉರಿಯೋದು ಇದಲ್ಲ. ಈ ದೇಶಕ್ಕೆ ಬಂದಾಗಿಂದ ಒಗ್ಗರಣೆ ಹಾಕೋ ಮುಂಚೆ ನನ್ನ ಆಫೀಸಿನ ಚಳಿ ಕೋಟನ್ನ ರೂಮಲ್ಲಿ ನೇತಾಕಿ ಬಾಗ್ಲು ಹಾಕಿ, ಬಾಗ್ಲ ಸಂದಿಗೆ ಟವೆಲ್ ತುರುಕಿ, ಆಮೇಲೆ ಒಲೆ ಹಚ್ಚೋದು ನಾನು. ಲಿಫ್ಟಲ್ಲಿ ಯಾರಾದ್ರೂ ಮೂಗು ಅಲ್ಲಾಡಿಸಿದ್ರೆ ನನಗೇ ಅಂದ್ಕೊಳ್ಳೋದು. ಒಂದು ಒಳ್ಳೇ ಚಿಮಣಿ ಹಾಕ್ಸಿ ಅಂದ್ರೆ, "ಅಯ್ಯೋ ಯಾರೇನು ಅಂದ್ಕೋತಾರೆ ಬಿಡೇ, ನಮ್ಮ ಊಟ ನಮ್ದು" ಅಂತ ಸ್ವಾಭಿಮಾನದ ಭಾಷಣ. ಈಗ ಯಾವ್ದೋ ಜಿಂಕೆ ಅಂದ್ಕೊಳ್ಳೋದು ಮುಖ್ಯ ಆಗಿದೆ.

ಇದರ ಮಧ್ಯೆ ನಮ್ಮತ್ತೆ. ಊರಿಂದ ಬಂದಿದಾರೆ, ಸುಮ್ನೆ ಕೂರೋ ಜೀವ ಅಲ್ಲ. ಹೋದ ಶುಕ್ರವಾರ ನಾವಿಬ್ರೂ ಕೆಲ್ಸಕ್ಕೆ ಹೋದಾಗ ಗರಾಜಿಗೆ ಹೋಗಿ ಆ ಡಬ್ಬ ತೆಗ್ದಿದಾರೆ. ತೆಗ್ದ್ರೆ ಬಟ್ಟೆ ತುಂಬಾ ಕಸ, ಮಣ್ಣು. ತಾಯಿ ಕರುಳು ಕೇಳುತ್ತಾ? ಎಲ್ಲಾ ಕೊಡವಿ, ನಮ್ಮ ಮಾಮೂಲಿ ಮಲ್ಲಿಗೆ ವಾಸ್ನೆ ಸೋಪು ಧಾರಾಳವಾಗಿ ಸುರಿದು, ಬಿಸಿನೀರಲ್ಲಿ ಒಗ್ದು, ಡ್ರೈಯರಲ್ಲಿ ಒಣಗ್ಸಿ, ಇಸ್ತ್ರಿ ಮಾಡಿದಾರೆ, ಕಾಡಿಗೆ ಹೋಗೋ ಪ್ಯಾಂಟಿಗೆ ಗೆರೆ ಬರೋ ಹಾಗೆ ಇಸ್ತ್ರಿ! ಸಂಜೆ ದೇವ್ರ ಮುಂದೆ ಸಾಂಬ್ರಾಣಿ ಹಾಕಿದ್ರಲ್ಲ, ಬಟ್ಟೆಗೂ ಎರಡು ಸುತ್ತು ತೋರ್ಸಿದಾರೆ. ಕೊನೆಗೆ ರೇಷ್ಮೆ ಸೀರೆ ಜೊತೆ ಊರಿಂದ ತಂದಿದ್ದ ನುಸಿ ಗುಳಿಗೆ ಜೇಬಿಗೊಂದರಂತೆ ಹಾಕಿ ಡಬ್ಬ ಮುಚ್ಚಿ ಇಟ್ಟಿದಾರೆ. ಬೇಟೆ ಬಟ್ಟೆಗೆ ಜೇಬು ಎಷ್ಟಿರುತ್ತೆ ಅಂತ ನಿಮಗೆ ಗೊತ್ತಿಲ್ಲ, ತೋಳ ಮೇಲೂ ಜೇಬು, ಮಂಡಿ ಹತ್ರನೂ ಜೇಬು, ಅತ್ತೆ ಒಂದನ್ನೂ ಬಿಟ್ಟಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಗರಾಜಲ್ಲಿ ಡಬ್ಬ ತೆರೆದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ "ಅಮ್ಮಾ!" ನಾನು ಹೋಗಿ ನೋಡಿದ್ರೆ ಬನೀನಲ್ಲಿ ನಿಂತಿದಾರೆ, ಕೈಯಲ್ಲಿ ಪ್ಯಾಂಟು, ಅಲ್ಲಾಡ್ಸಿದ ಹಾಗೆಲ್ಲ ಬಿಳೀ ಗುಳಿಗೆ ಸಿಮೆಂಟ್ ಮೇಲೆ ಟಣ್ ಟಣ್ ಅಂತ ಉರುಳ್ತಿವೆ. ಅತ್ತೆ ಹಿಂದಿಂದ ಬಂದು, "ಯಾಕೋ ಮಗ, ಇನ್ನೂ ಬೇಕಿತ್ತಾ?" ಅಂದ್ರು. ಬೈಗುಳ ಯಾರಿಗೆ ಬಂತು ಹೇಳಿ? ನನಗೆ. "ನೀನಾದ್ರೂ ಅಮ್ಮಂಗೆ ಹೇಳ್ಬಾರ್ದಿತ್ತಾ?" ಹೌದಪ್ಪ, ಜಿಂಕೆ ಪರವಾಗಿ ಮಾತಾಡೋಕೆ ನಾನೇ ಇರೋದು.

ಆಮೇಲೆ ಕೂರ್ಸಿ ಅತ್ತೆಗೆ ಎಲ್ಲಾ ವಿವರಿಸಿದೆ. ಫ್ರೋಜನ್ ಅವರೆಕಾಳು ಹಿಸುಕ್ತಾ ಕೇಳುಸ್ಕೊಂಡ್ರು. "ನಿಮ್ಮಾವ ತೋಟದಿಂದ ಬರೋವಾಗ ಗೇಟ್ ತೆಗೆಯೋ ಮುಂಚೆನೇ ನಂಗೆ ಗೊತ್ತಾಗೋದು ಕಣಮ್ಮ, ಬೀಡಿ, ಹಸಿಮಣ್ಣು, ಎತ್ತಿನ ವಾಸ್ನೆ. ಹೋದ್ಮೇಲೆ ಒಂದು ಅಂಗಿ ಒಗೀದೆ ಇಟ್ಟಿದ್ದೆ, ಆಮೇಲೆ ಅದರಲ್ಲೂ ಏನೂ ಬರ್ತಿರ್ಲಿಲ್ಲ" ಅಂದ್ರು. ನನಗೆ ಏನು ಹೇಳ್ಬೇಕೋ ತೋಚ್ಲಿಲ್ಲ. ಅವ್ರೇ ಕಾಳಿನ ಪಾತ್ರೆ ನನ್ನ ಕಡೆ ತಳ್ಳಿ, ಇದಕ್ಕೆ ಇಂಗು ಜಾಸ್ತಿನೇ ಹಾಕು ಅಂದ್ರು.

ಪಕ್ಕದ್ಮನೆ ತಾತನ ಕಥೆ ಕೇಳಿ. ಬಾಯಲ್ಲಿ ಸಿಗರೇಟು, ಜಾಕೆಟ್ ತುಂಬಾ ಬೇಕನ್ ವಾಸ್ನೆ, ಅದನ್ನ ಯಾವಾಗ ಒಗ್ದಿದ್ರೋ ದೇವ್ರೇ ಬಲ್ಲ. ಪ್ರತಿ ವರ್ಷ ಜಿಂಕೆ ಹೊಡೀತಾರೆ. ಗಾಳಿ ಮುಖಕ್ಕೆ ಬಡಿಯೋ ಕಡೆ ಕೂತ್ಕೋ, ಸಾಕು, ಅಂತಾರೆ. ಗಾಳಿ ಎತ್ಲಾಗಿದೆ ಅಂತ ನೋಡೋಕೆ ಒಂಚೂರು ಪುಡಿ ಊದಿದ್ರೆ ಆಯ್ತಂತೆ. ಅದು ಕೇಳಿದ್ದೇ ಅತ್ತೆ ಒಳಗೆ ಹೋಗಿ ತಮ್ಮ ಗಂಧದ ಪೌಡರ್ ಡಬ್ಬಿ ತಂದ್ರು, ಇವ್ರು ಮಾತಾಡ್ದೆ ಎದ್ದು ಹೋದ್ರು. ತಾತ ಕೊಟ್ಟ ಜಿಂಕೆ ಮಾಂಸ ಫ್ರೀಜರಲ್ಲಿದೆ, ಚೆಕ್ಕೆ ಲವಂಗ ಹುರಿಯಂಗಿಲ್ವಲ್ಲ, ಅದಕ್ಕೇ ಹಾಗೇ ಬಿದ್ದಿದೆ.

ಬಿಲ್ಲಿನ ಸೀಸನ್ನು ಜನವರಿ ತನಕ ಇದೆ. ಇವ್ರು ಈಗ ಓಜೋನ್ ಮೆಷಿನ್ ಇರೋ ಒಂದು ಚೀಲ ಆರ್ಡರ್ ಮಾಡಿದಾರೆ, ಬಟ್ಟೆ ಒಳಗಿಟ್ಟು ಜಿಪ್ ಎಳೆದು ಸ್ವಿಚ್ ಹಾಕಿದ್ರೆ ಎಂಥಾ ವಾಸ್ನೆನೂ ಹೋಗುತ್ತಂತೆ. ಗುರುವಾರ ಬರುತ್ತೆ. ನಾನು ಬುಧವಾರಾನೇ ಮಸಾಲೆ ಹುರಿದು ಜಿಂಕೆ ಸಾರು ಮಾಡ್ತೀನಿ. ಚೀಲ ಬಂದ ತಕ್ಷಣ ಅದರಲ್ಲಿ ಮೊದಲು ನನ್ನ ಆಫೀಸ್ ಕೋಟು.