ಪಂದಿ ಕರಿಯನ್ನು ದೂರುವ ಮೊದಲು

ಕೊಡಗಿನಲ್ಲಿ ಮದುವೆ ಊಟದ ಮರುದಿನ ಯಾವ ಮನೆಗೆ ಹೋದರೂ ಇದೇ ಮಾತು. "ನಿನ್ನೆಯ ಪಂದಿ ಕರಿ ಹೊಟ್ಟೆಗೆ ಹಿಡಿಸಲಿಲ್ಲ, ರಾತ್ರಿಯಿಡೀ ಹುಳಿತೇಗು." ನಮ್ಮ ಹಂದಿಮಾಂಸದ ಪದಾರ್ಥವಾದ ಪಂದಿ ಕರಿಯ ಮೇಲಿನ ಈ ದೂರು ನನಗೆ ಒಪ್ಪಿಗೆಯಿಲ್ಲ. ನಾವು ಉಣ್ಣುವ ರೀತಿಯನ್ನೇ ಸ್ವಲ್ಪ ನೋಡಿ. ಮೊದಲ ಪಂಕ್ತಿಯವರು ಕೂತಿರುವಾಗಲೇ ಮುಂದಿನವರು ಕುರ್ಚಿ ಹಿಡಿದು ಬೆನ್ನ ಹಿಂದೆ ನಿಂತಿರುತ್ತಾರೆ. ಆ ಅವಸರಕ್ಕೆ ಅಕ್ಕಿ ತರಿಯ ಉಂಡೆ ಕಡಂಬುಟ್ಟನ್ನು ಮುರಿದು, ಗ್ರೇವಿಯಲ್ಲಿ ಅದ್ದಿ, ಎರಡು ಸಲ ಹಲ್ಲಾಡಿಸಿ ನುಂಗುತ್ತೇವೆ. ಮೇಲೊಂದು ಲೋಟ ನೀರು. ಅಲ್ಲಿಗೆ ಊಟ ಮುಗಿಯಿತು.

ಕಡಂಬುಟ್ಟು, ಶ್ಯಾವಿಗೆಯಂಥ ನೂಲ್‌ಪುಟ್ಟು, ಒಟ್ಟಿ ಎಂದು ಕರೆಯುವ ಅಕ್ಕಿ ರೊಟ್ಟಿ, ಎಲ್ಲವೂ ಅಕ್ಕಿಯವೇ. ಅಕ್ಕಿಯ ಪಿಷ್ಟ ಜೀರ್ಣವಾಗಲು ಶುರುವಾಗುವುದು ಬಾಯಲ್ಲಿ. ಬೇಕಿದ್ದರೆ ಬಿಸಿ ಒಟ್ಟಿಯ ಒಂದು ತುಂಡನ್ನು ಚಟ್ನಿ, ತುಪ್ಪ ಏನೂ ಇಲ್ಲದೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿಯಿರಿ. ಮೊದಲು ಸಪ್ಪೆ. ಅಗಿಯುತ್ತಾ ಹೋದಂತೆ ನಾಲಿಗೆಯ ಅಂಚಿನಲ್ಲಿ ತೆಳ್ಳಗೆ ಸಿಹಿ ಹತ್ತುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುವುದರ ರುಚಿ ಅದು. ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಜೊಲ್ಲು ನಮ್ಮ ಬಾಯಲ್ಲಿ ಊರುತ್ತದೆ. ಅದು ಅನ್ನದ ಜೊತೆ ಬೆರೆಯಲು ನಾವು ಸಮಯವನ್ನೇ ಕೊಡುವುದಿಲ್ಲ.

ಮಾಂಸದ ವಿಷಯ ಬೇರೆ. ಪ್ರೋಟೀನ್ ಒಡೆಯುವ ಕೆಲಸ ಶುರುವಾಗುವುದು ಜಠರದಲ್ಲಿ. ಅಂದರೆ ಬಾಯಲ್ಲಿ ಅದನ್ನು ಸಣ್ಣದು ಮಾಡುವವರು ಹಲ್ಲು ಬಿಟ್ಟರೆ ಯಾರೂ ಇಲ್ಲ. ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಹಲ್ಲಿನ ಕೆಲಸ ಮಾಡುವುದಿಲ್ಲ. ಕೊಬ್ಬಿನ ಊಟ ಜಠರ ಬಿಟ್ಟು ಮುಂದೆ ಸಾಗುವುದೇ ನಿಧಾನ, ಅದರ ಮೇಲೆ ಇಡೀ ತುಂಡು ನುಂಗಿದರೆ ಹೊಟ್ಟೆ ಭಾರವಾಗದೆ ಇನ್ನೇನಾದೀತು? ಮಳೆಗಾಲದ ಎಳೆ ಬಿದಿರು ಕಣಿಲೆಗೂ ಇದೇ ಮಾತು. ಅದರ ನಾರನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲವೇ ಇಲ್ಲ.

32 ಸಲ ಅಗಿಯಿರಿ ಎಂದು ಲೆಕ್ಕ ಹೇಳುವವರಿದ್ದಾರೆ. ಲೆಕ್ಕ ಬೇಡ. ನಾಲಿಗೆಗೆ ಗಟ್ಟಿ ತುಂಡು ಸಿಗದಷ್ಟು ಅಗಿದರೆ ಸಾಕು. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಗಬಗಬ ತಿಂದವರು ಅಷ್ಟರೊಳಗೆ ಬೇಕಾದ್ದಕ್ಕಿಂತ ಹೆಚ್ಚು ತಿಂದಿರುತ್ತಾರೆ, ಜೊತೆಗೆ ಗಾಳಿಯನ್ನೂ ನುಂಗಿರುತ್ತಾರೆ. ಇಷ್ಟು ಮಾಡಿಯೂ ಹುಳಿತೇಗು, ಎದೆಯುರಿ ಬಿಡದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಊಟ ಕರಗಲಿ ಎಂದು ಅಡಿಕೆ ಬಾಯಿಗೆ ಹಾಕುವ ರೂಢಿಯನ್ನಂತೂ ಬಿಟ್ಟುಬಿಡಿ. ಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ.

ನನಗೆ ಹೆಚ್ಚು ಸಂಕಟವಾಗುವುದು ಮಕ್ಕಳನ್ನೂ ಹಿರಿಯರನ್ನೂ ಕಂಡಾಗ. ಬೆಳಿಗ್ಗೆ ಬಸ್ಸು ತಪ್ಪುತ್ತದೆಂದು ಮಕ್ಕಳ ಬಾಯಿಗೆ ತುರುಕುತ್ತೇವೆ. ಅವರನ್ನು ಕಾಲು ಗಂಟೆ ಮುಂಚೆ ಎಬ್ಬಿಸೋಣ. ಹಲ್ಲು ಹೋದ ಅಜ್ಜ ಅಜ್ಜಿಯರು "ಈ ವಯಸ್ಸಿಗೆ ಯಾಕೆ" ಎಂದು ಸುಮ್ಮನಾಗಿ, ಗಂಜಿ ಕುಡಿದು ಸೊರಗುತ್ತಾರೆ. ವಿರಾಜಪೇಟೆ ಹತ್ತಿರ ಮಗ್ಗುಲದಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಸುಗ್ಗಿ ಹಬ್ಬ ಪುತ್ತರಿಗೆ ಮೊದಲು ಒಮ್ಮೆ ಅವರನ್ನು ಕರೆದುಕೊಂಡು ಹೋಗಿ ಹಲ್ಲಿನ ಸೆಟ್ ಬಗ್ಗೆ ಕೇಳಿ. ಸೆಟ್ ಸಿಗುವವರೆಗೆ ಅವರ ಪಾಲಿನ ಪಂದಿಯನ್ನು ಸಣ್ಣಗೆ ಹೆಚ್ಚಿ, ಇನ್ನಷ್ಟು ಹೊತ್ತು ಬೇಯಿಸಿ ಕೊಡಿ.