ಬಾಟಲಿ ಮೇಲಿನ ಹಳದಿ ಎಲ್ಲಿ ಹೋಯ್ತು?

ಶಿವಮೊಗ್ಗದಲ್ಲಿ ಈಗ ಪ್ರಿಂಟಿಂಗ್ ಕೆಲಸ ಓಕೆ ಆಗೋದು ವಾಟ್ಸಾಪಲ್ಲಿ. ಡಿಸೈನರ್ ಫೋಟೋ ಕಳಿಸ್ತಾನೆ, ಗಿರಾಕಿ ಹೆಬ್ಬೆರಳು ಒತ್ತುತ್ತಾರೆ, ಫೈಲು ಮೆಷಿನ್ನಿಗೆ ಹೋಗುತ್ತೆ. ಕಾಗದಕ್ಕೆ ಇದು ಹೇಗೋ ನಡೆಯುತ್ತೆ. ಪ್ಲಾಸ್ಟಿಕ್ ಶೀಟಿಗೆ ನಡೆಯಲ್ಲ, ನಡೆಸಲೂಬಾರದು ಅನ್ನೋದು ಪ್ರೆಸ್ಸಲ್ಲಿ ಕೂತಿರೋ ನನ್ನ ಮಾತು.

ಸಾಗರದ ಕಡೆ ಜೇನು ಮಾರೋರೊಬ್ಬರು ಪಾರದರ್ಶಕ ಸ್ಟಿಕ್ಕರ್ ಮಾಡಿಸಿದ್ರು. ಮೊಬೈಲಲ್ಲಿ ಹಳದಿ ಹೂವು, ಹಸಿರು ಎಲೆ ಫಳಫಳ. ತುಂಬಿದ ಬಾಟಲಿಗೆ ಅಂಟಿಸಿದ್ರೆ ಹೂವೇ ಕಾಣ್ತಿಲ್ಲ, ಎಲೆ ಕೆಸರು ಬಣ್ಣ. "ಮಾರಾಯ್ರೆ, ಕಳಪೆ ಇಂಕ್ ಹಾಕಿದಾರೆ" ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದ್ರು. ಇಂಕಲ್ಲಿ ಏನೂ ದೋಷ ಇರಲಿಲ್ಲ. ಸಯಾನ್ (ತಿಳಿನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ ಇಂಕ್‌ಗಳು ಬಣ್ಣದ ಗಾಜಿನ ಹಾಗೆ, ಬೆಳಕು ತೂರಿ ಹೋಗುತ್ತೆ. ಕಾಗದದ ಮೇಲೆ ಅದು ಬಿಳಿಗೆ ಬಡಿದು ವಾಪಸ್ ಬರುತ್ತೆ, ಹಾಗಾಗಿ ಬಣ್ಣ ಕಾಣುತ್ತೆ. ಇಲ್ಲಿ ಹಿಂದೆ ಇದ್ದದ್ದು ಜೇನಿನ ಕಂದು. ಬಣ್ಣದ ಅಡಿಯಲ್ಲಿ ಬಿಳಿ ಇಂಕ್ ಹಾಕಿಸಿದ್ರೆ ಆಗ್ತಿತ್ತು. ಅದೂ ಒಂದೇ ಕೋಟ್ ಸಾಲದೇ ಹೋಗಬಹುದು. ಅಪ್ಪೆಮಿಡಿ ಉಪ್ಪಿನಕಾಯಿಯಂಥ ಗಾಢ ಬಣ್ಣ ಹಿಂದೆ ಇದ್ರೆ ತೆಳು ಬಿಳಿಯನ್ನೂ ದಾಟಿ ಮಂಕು ಮಾಡುತ್ತೆ. ಪೌಚ್ ಫಿಲ್ಮಿಗೆ ಒಳಗಿಂದ ಪ್ರಿಂಟ್ ಮಾಡೋವಾಗ ಕ್ರಮ ತಿರುಗುಮುರುಗು: ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಮೊದಲು ಬಣ್ಣ, ಕೊನೆಗೆ ಬಿಳಿ. ಈ ಬಿಳಿಯನ್ನ ಫೈಲಲ್ಲಿ ಬೇರೆ ಲೇಯರ್ ಆಗಿ ಕೊಡಬೇಕು ಅಂತ ಗೊತ್ತಿರೋ ಡಿಸೈನರ್‌ಗಳು ನಮ್ಮ ಕಡೆ ಕಮ್ಮಿ.

ಇನ್ನೊಂದು, ಪ್ಲಾಸ್ಟಿಕ್ಕು ಇಂಕ್ ಕುಡಿಯಲ್ಲ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಮೇಲ್ಮೈ ಶಕ್ತಿ, ಅಂದ್ರೆ ಇಂಕನ್ನ ಹಿಡಿದುಕೊಳ್ಳೋ ಗುಣ, ಸುಮಾರು 30 ಡೈನ್ (ಅದನ್ನ ಅಳೆಯೋ ಮಾನ). ಇಂಕ್ ಹರಡಿ ಕೂರಬೇಕಾದ್ರೆ 38ರ ಮೇಲಾದ್ರೂ ಬೇಕು, ಅದಕ್ಕೇ ಕರೋನಾ ಟ್ರೀಟ್‌ಮೆಂಟ್ ಕೊಡ್ತಾರೆ. (ರೋಗದ ಕರೋನಾ ಅಲ್ಲ, ಶೀಟಿನ ಮೇಲೆ ವಿದ್ಯುತ್ ಹಾಯಿಸಿ ಹದ ಮಾಡೋದು!) ಗೋಡೌನಲ್ಲಿ ಹಳೇದಾಗ್ತಾ ಆ ಶಕ್ತಿ ಇಳಿಯುತ್ತೆ. ಆಮೇಲೆ ಇಂಕ್ ಹನಿಹನಿಯಾಗಿ ಹಿಂದೆ ಸರಿದು ಶೇಡ್ ಪೇಲವ. ಈ ಶಕ್ತಿ ಪರೀಕ್ಷಿಸೋ ಡೈನ್ ಪೆನ್ನಲ್ಲಿ ಒಂದು ಗೆರೆ ಎಳೆದ್ರೆ ಅಲ್ಲೇ ಗೊತ್ತಾಗುತ್ತೆ, ಎಳೆಯೋರು ಯಾರು?

ನಮ್ಮವರದ್ದೂ ತಪ್ಪಿದೆ. ವಿನೈಲ್ ಶೀಟಿಗೆ ಮಾಡಿದ ಪ್ರೊಫೈಲನ್ನೇ (ಬಣ್ಣ ಹೊಂದಿಸೋ ಸೆಟ್ಟಿಂಗು) ಅಕ್ರಿಲಿಕ್ ಶೀಟಿಗೂ ಬಿಡೋದು. ಲೈಟ್ ಬೋರ್ಡಿನ ಶೀಟನ್ನ ಮಾಮೂಲಿ ಪ್ರಮಾಣದ ಇಂಕಲ್ಲೇ ಮುಗಿಸೋದು. ರಾತ್ರಿ ಹಿಂದಿಂದ ಲೈಟ್ ಬಿದ್ದಾಗ ಅಡಿಕೆ ಮಂಡಿ ಬೋರ್ಡಿನ ಕೆಂಪು ತೆಳುವಾಗಿ ಗುಲಾಬಿ ಬಣ್ಣ ಆಗಿರುತ್ತೆ. ಅಂಥದ್ದಕ್ಕೆ ಇಂಕ್ ಹೆಚ್ಚು ಬೇಕು. (ಫ್ಲೆಕ್ಸ್ ಬ್ಯಾನರ್ ವಿಷಯ ಎತ್ತಬೇಡಿ, ಅದಕ್ಕೆ 2016ರಲ್ಲೇ ರಾಜ್ಯದಲ್ಲಿ ನಿಷೇಧ ಬಿದ್ದಿದೆ.)

ಬೆಳಕಿನ ಕಥೆ ಬೇರೆ. ಬಣ್ಣ ನೋಡೋಕೆ ಪ್ರಿಂಟಿಂಗಿನವರ ಅಳತೆ 5000 ಕೆಲ್ವಿನ್, ಅಂದ್ರೆ ಹಗಲು ಬೆಳಕಿನಂಥ ಬಿಳಿ ಬೆಳಕು. ಗಾಂಧಿ ಬಜಾರಿನ ಅಂಗಡಿಯೊಳಗೆ ಹಳದಿ ಬಲ್ಬಿನಡಿ ನೋಡಿ "ಶೇಡ್ ಸರಿ ಇಲ್ಲ" ಅಂದ್ರೆ ನಾವೇನು ಮಾಡೋದು?

ಬಣ್ಣ ಅಳೆಯೋ ಯಂತ್ರ ಕೊಳ್ಳೋ ತಾಕತ್ತು ಎಲ್ಲ ಪ್ರೆಸ್ಸಿಗೂ ಇಲ್ಲ, ಒಪ್ಪಿದೆ. ಆದ್ರೆ ಅಂಗೈಯಗಲದ ಸ್ಯಾಂಪಲ್ ಅದೇ ಶೀಟಲ್ಲಿ, ಅದೇ ಮೆಷಿನ್ನಲ್ಲಿ ತೆಗೆಯಬಹುದಲ್ಲ? ಗಿರಾಕಿ ತುಂಬಿದ ಬಾಟಲಿ ತರಲಿ, ಅದಕ್ಕೆ ಅಂಟಿಸಿ ಹಗಲು ಬೆಳಕಲ್ಲಿ ನೋಡಿ ಸಹಿ ಹಾಕಲಿ. ಆ ತುಂಡಿನ ದುಡ್ಡನ್ನ ಪ್ರೆಸ್ಸಿನವರು ಬಿಲ್ಲಲ್ಲಿ ಬೇರೆ ಸಾಲಾಗಿಯೇ ಬರೀಲಿ. ಸಹಿ ಹಾಕಿದ ಸ್ಯಾಂಪಲ್ ಒಂದು ಅವರ ಹತ್ರ, ಒಂದು ನಮ್ಮ ಹತ್ರ ಇರಲಿ. ಅಷ್ಟು ಆಗೋವರೆಗೂ ಪ್ಲಾಸ್ಟಿಕ್ ಆರ್ಡರ್ ಯಾರದ್ದೇ ಆಗ್ಲಿ, ನಾನಂತೂ ಮೆಷಿನ್ನಿಗೆ ಹಾಕಲ್ಲ.