ಫೈಬರ್ ಹೆಜ್ಜಾರ್ಲೆಯ ಸಹಜ ಭಂಗಿ

ಕೋಲಾರ ಜಿಲ್ಲೆಯ ನಮ್ಮೂರ ಕೆರೆಯಲ್ಲಿ ಕಳೆದ ಭಾನುವಾರ ನಡೆದ ಕಯಾಕ್ ವನ್ಯಜೀವಿ ಛಾಯಾಗ್ರಹಣ ಮಹೋತ್ಸವದ ಮೂಲಪುರುಷ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಇಲ್ಲವಾದರೆ ನಾಳೆ ಯಾರಾದರೂ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅದನ್ನು ಹೊರಗೆಳೆದಾರು. ನಿವೃತ್ತಿಯ ಹಣದಲ್ಲಿ ಕಯಾಕ್ ಎಂಬ, ಒಬ್ಬರೇ ಕೂರುವ ಹಳೆಯ ಕಿರುದೋಣಿಯೊಂದನ್ನು ಕೊಂಡು, ಬೆಳಗಿನ ಜಾವ ಕೆರೆಗೆ ಇಳಿದು ಹಕ್ಕಿಗಳ ಚಿತ್ರ ತೆಗೆಯುವ ಚಟವನ್ನು ನಾನು ಹತ್ತಿಸಿಕೊಂಡಿದ್ದೆ. ಏರಿಯ ಮೇಲೆ ನಿಂತವನಿಗೆ ಸಿಗುವುದು ಹಕ್ಕಿಯ ಬೆನ್ನು ಮಾತ್ರ. ಕಯಾಕಿನಲ್ಲಿ ಕೂತವನ ಕಣ್ಣು ನೀರಿಗೆ ಹತ್ತಿರವಿರುವುದರಿಂದ ಹಕ್ಕಿಯ ಮುಖ ಸಿಗುತ್ತದೆ. ಇದರ ವಿದ್ಯೆಯೆಲ್ಲ ಸುಮ್ಮನಿರುವುದರಲ್ಲಿದೆ: ಗಾಳಿಯ ದಿಕ್ಕು ನೋಡಿಕೊಂಡು ದೂರದಲ್ಲೇ ಹುಟ್ಟು ಹಾಕುವುದನ್ನು ನಿಲ್ಲಿಸಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಹಕ್ಕಿಯತ್ತ ನೇರವಾಗಿ ಹೋಗದೆ ಓರೆಯಾಗಿ ತೇಲಬೇಕು. ದೋಣಿ ಸದಾ ಅಲುಗುತ್ತಿರುವುದರಿಂದ ಶಟರ್ ವೇಗವನ್ನು 1/1000 ಸೆಕೆಂಡಿಗೋ ಅದಕ್ಕಿಂತ ಹೆಚ್ಚಿಗೋ ಇಟ್ಟುಕೊಳ್ಳಬೇಕು. ಹಕ್ಕಿ ಕತ್ತೆತ್ತಿ ನೋಡಿದರೆ ಅಲ್ಲಿಗೇ ನಿಲ್ಲಬೇಕು. ಹೀಗೆ ನಿಂತೂ ನಿಂತೂ ಒಂದು ದಿನ, ಬೆನ್ನಿನ ಮೇಲೆ ಎರಡು ಮರಿಗಳನ್ನು ಹೊತ್ತು ಈಜುತ್ತಿದ್ದ ಗುಳುಮುಳುಕವೆಂಬ ಪುಟ್ಟ ನೀರುಹಕ್ಕಿಯ ಚಿತ್ರವೊಂದು ನನಗೆ ಸಿಕ್ಕಿತು. ಅದನ್ನು ನಾನು ಮನೆಯಲ್ಲಿಟ್ಟುಕೊಳ್ಳದೆ ಕೆರೆ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ತೋರಿಸಿದೆ.

ಅಧ್ಯಕ್ಷರು ಚಿತ್ರವನ್ನು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ಇಷ್ಟು ಒಳ್ಳೆಯದನ್ನು ನೀವೊಬ್ಬರೇ ಅನುಭವಿಸಿದರೆ ಸ್ವಾರ್ಥವಾಗುತ್ತದೆ, ಇದನ್ನು ಸಾರ್ವಜನಿಕ ಮಾಡೋಣ" ಎಂದರು. ಒಂದು ವಸ್ತುವನ್ನು ಸಾರ್ವಜನಿಕ ಮಾಡುವುದೆಂದರೆ ನಮ್ಮಲ್ಲಿ ಏನರ್ಥವೆಂದು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿದ್ದ ನನಗೆ ಗೊತ್ತಿರಬೇಕಾಗಿತ್ತು.

ಹನ್ನೆರಡು ಕಯಾಕ್‌ಗಳು ಬಂದವು. ಅವುಗಳನ್ನು ನೀರಿಗಿಳಿಸಿ ನೋಡಿದಾಗ ಜೊಂಡಿನಲ್ಲಿ ಸಿಕ್ಕಿಕೊಂಡವು. ಜೊಂಡು ಕಯಾಕ್ ವಿಹಾರಕ್ಕೆ ಅಡಚಣೆಯೆಂದು ತಾಂತ್ರಿಕ ವರದಿ ತಯಾರಾಯಿತು. ನೇರಳೆ ಜಂಬುಕೋಳಿ, ನಾಮದ ಕೋಳಿ, ಗುಳುಮುಳುಕ ಇವೆಲ್ಲ ಗೂಡು ಕಟ್ಟುವುದು ಅದೇ ಜೊಂಡಿನಲ್ಲಿ ಎಂಬ ಅಂಶ ವರದಿಯ ವ್ಯಾಪ್ತಿಗೆ ಬರಲಿಲ್ಲ. ಗುಳುಮುಳುಕವು ಮೊಟ್ಟೆಯ ಮೇಲಿಂದ ಏಳುವಾಗ ಯಾರ ಕಣ್ಣಿಗೂ ಬೀಳದಿರಲೆಂದು ಕೊಳೆತ ಎಲೆಗಳನ್ನು ಅವುಗಳ ಮೇಲೆ ಹೊದಿಸಿ ಹೋಗುತ್ತದೆ. ಕಾಗೆ, ಹದ್ದುಗಳನ್ನು ಏಮಾರಿಸಲು ಇದು ಸಾಕು. ಜೆಸಿಬಿಯನ್ನು ಏಮಾರಿಸಲು ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡು ಹಕ್ಕಿಗಳ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಲಿಸುವುದೂ ಸೇರುತ್ತದೆ ಎಂದು ನಾನು ಸಭೆಯಲ್ಲಿ ಓದಿ ಹೇಳಿದೆ. "ಬೇಟೆಗೆ ಬಂದೂಕು ಬೇಕಲ್ಲವೇ ಮೇಷ್ಟ್ರೇ? ನಮ್ಮ ಜೆಸಿಬಿಗೆ ಬಂದೂಕಿನ ಲೈಸೆನ್ಸೇ ಇಲ್ಲ" ಎಂದು ಅಧ್ಯಕ್ಷರು ಕಾನೂನಿನ ತೊಡಕನ್ನು ಅಲ್ಲಿಯೇ ಬಿಡಿಸಿದರು.

ಜೊಂಡು ಹೋಗಿ ಕೆರೆ ಕನ್ನಡಿಯಂತಾಯಿತು, ಆದರೆ ಅದರಲ್ಲಿ ಹಕ್ಕಿ ಕಾಣಲಿಲ್ಲ. ಪಕ್ಷಿಗಳ ಕೊರತೆಗೆ ಪರಿಹಾರ ಹುಡುಕಲು ಸಮಿತಿಯ ಹದಿನಾರು ಮಂದಿ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಅಧ್ಯಯನ ಪ್ರವಾಸ ಹೋಗಿಬಂದರು. ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವುಗಳ ಪಾಡಿಗೆ ಅವುಗಳನ್ನು ಬಿಟ್ಟಿದ್ದಾರೆ. ಅವುಗಳ ಪಾಡಿಗೆ ಬಿಡುವುದಕ್ಕೆ ಅಂದಾಜುಪಟ್ಟಿ ತಯಾರಿಸಲು ಬರುವುದಿಲ್ಲವಾದ್ದರಿಂದ ಸಮಿತಿಯವರು ಹುಣಸೆ ಮರವನ್ನು ಮಾತ್ರ ಮಾದರಿಯಾಗಿ ಸ್ವೀಕರಿಸಿದರು. ಈಗ ನಮ್ಮ ಏರಿಯ ಉದ್ದಕ್ಕೂ ಹುಣಸೆ ಮರದ ಆಕಾರದ ಸಿಮೆಂಟಿನ ದೀಪದ ಕಂಬಗಳಿವೆ. ಕೆರೆಯ ನಡುವೆ ಕಲ್ಲು ತುಂಬಿ ಮಾಡಿದ ನಡುಗಡ್ಡೆಯ ಮೇಲೆ ಆರು ಫೈಬರ್ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಯ ಬೊಂಬೆಗಳು, ನಿಂತಿವೆ. ಅವುಗಳ ಕೊಕ್ಕಿಗೆ ಬಳಿದ ಕಿತ್ತಳೆ ಬಣ್ಣ ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿತು. ಬಸ್ ನಿಲ್ದಾಣಕ್ಕೆ ಬಳಿದು ಉಳಿದ ಬಣ್ಣವಂತೆ.

ಇನ್ನು ನೀರಿನ ವಿಷಯ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಕೆರೆಗಳಲ್ಲಿ ವರ್ಷಗಟ್ಟಲೆ ಹುಡುಗರು ಕ್ರಿಕೆಟ್ ಆಡಿದ್ದನ್ನು ನಾನೇ ಬಲ್ಲೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು, ಮರು ತಿಂಗಳೇ ಅಲ್ಲಿ ನೊರೆಯೂ ಎದ್ದಿತು. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಜಿಲ್ಲೆಯ ಹೋರಾಟಗಾರರು ಅಂದಿನಿಂದ ಕೇಳುತ್ತಲೇ ಇದ್ದಾರೆ. ನಮ್ಮ ಕೆರೆಗೂ ಅದೇ ನೀರು. ಮೊದಲು ಬೆಂಗಳೂರಿನವರು ಬಳಸಿದ ನೀರು ಬಂತು. ಮಹೋತ್ಸವದ ಕರಪತ್ರ ಹಂಚಿದ ಮೇಲೆ, ಅದನ್ನು ಬಳಸಿದವರೂ 600 ಎಂ.ಎಂ. ಲೆನ್ಸ್ ಹೊತ್ತು ಅದರ ಹಿಂದೆಯೇ ಬಂದರು.

ಮಹೋತ್ಸವದ ದಿನ ಸ್ಪರ್ಧಿಗಳು ಬೆಳಗಿನ ಆರಕ್ಕೇ ಜೀವರಕ್ಷಕ ಜಾಕೆಟ್ ತೊಟ್ಟು ಸಿದ್ಧರಾಗಿದ್ದರು. ಬೆಳಕು ಹದವಾಗಿತ್ತು, ಗಾಳಿ ಇರಲಿಲ್ಲ, ಕೆರೆಯ ಆಚೆ ಮೂಲೆಯಲ್ಲಿ ಉಳಿದಿದ್ದ ಅಂಗೈಯಗಲದ ಜೊಂಡಿನ ಬಳಿ ಹತ್ತಿಪ್ಪತ್ತು ನಾಮದ ಕೋಳಿಗಳೂ ಇದ್ದವು. ಆದರೆ ಮುಖ್ಯ ಅತಿಥಿಗಳು ಬಂದು ಉದ್ಘಾಟಿಸದೆ ಯಾರೂ ಕ್ಯಾಮೆರಾ ಚೀಲದ ಜಿಪ್ ತೆಗೆಯುವಂತಿರಲಿಲ್ಲ. ಅಲ್ಲಿಯವರೆಗೆ ಹೊತ್ತು ಕಳೆಯಲು ಏರಿಯ ಮೇಲೆ ಸಾಲಾಗಿಟ್ಟಿದ್ದ ಎಂಟು ಧ್ವನಿವರ್ಧಕಗಳಲ್ಲಿ ನಿರೂಪಕರು, "ಪಕ್ಷಿಗಳಿಗೆ ತೊಂದರೆಯಾಗದಂತೆ ಎಲ್ಲರೂ ದಯವಿಟ್ಟು ನಿಶ್ಶಬ್ದ ಕಾಪಾಡಬೇಕು" ಎಂದು ಎರಡು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. ಪಕ್ಕದ ಹಳ್ಳಿಯವರೂ ನಿಶ್ಶಬ್ದ ಕಾಪಾಡಿದರೆಂದು ಆಮೇಲೆ ತಿಳಿಯಿತು. ಅತಿಥಿಗಳು ಹತ್ತೂವರೆಗೆ ಬಂದಾಗ ಸ್ವಾಗತಕ್ಕೆ ಹತ್ತು ಸಾವಿರದ ಸರಪಟಾಕಿ ಹೊಡೆಯಲಾಯಿತು. ನಾಮದ ಕೋಳಿ ಇದ್ದಕ್ಕಿದ್ದಂತೆ ಹಾರಲಾರದು, ನೀರಿನ ಮೇಲೆ ಬಹುದೂರ ಓಡಿಯೇ ಏಳಬೇಕು. ಇಪ್ಪತ್ತೂ ಒಟ್ಟಿಗೆ ಓಡಿದ ಆ ಗಳಿಗೆಯೇ ಇಡೀ ದಿನದ ಅತ್ಯುತ್ತಮ ದೃಶ್ಯವಾಗಿತ್ತು, ಆದರೆ ಆಗ ಎಲ್ಲ ಕ್ಯಾಮೆರಾಗಳೂ ಅತಿಥಿಗಳ ಮೈಸೂರು ಪೇಟದ ಕಡೆ ತಿರುಗಿದ್ದವು.

ಅತಿಥಿಗಳು ಹಾರದ ಸಮೇತ ಕಯಾಕಿನಲ್ಲಿ ಕೂತರು. ಅವರ ಭದ್ರತೆಗೆ ನಾಲ್ಕು ಕಯಾಕ್, ಸಮಿತಿಯವರಿಗೆ ಮೂರು, ಡ್ರೋನ್ ಹಾರಿಸುವವರಿಗೆ ಒಂದು ಹೋಗಿ ಸ್ಪರ್ಧಿಗಳಿಗೆ ಉಳಿದದ್ದು ಮೂರು; ಸ್ಪರ್ಧಿಗಳು ನಲವತ್ತು ಜನ. ಒಬ್ಬರ ದೋಣಿಯಲ್ಲಿ ಇಬ್ಬರು ಕೂರುವ ಪ್ರಯೋಗ ನಡೆದು ಮೊದಲ ಜೋಡಿಯೇ ಮಗುಚಿಕೊಂಡಿತು. ಕೆರೆಯ ಮೀನು ಗುತ್ತಿಗೆಯವರ ಕಡೆಯ ಬೆಸ್ತನೊಬ್ಬ ಲಾರಿ ಟ್ಯೂಬಿನ ಮೇಲೆ ಬಂದು, ಕೈಕಾಲು ಬಡಿಯುತ್ತಿದ್ದವರನ್ನು ಒಂದು ಕ್ಷಣ ನೋಡಿ, "ಅಣ್ಣಾ, ಇಲ್ಲಿ ಎದೆಮಟ್ಟ ನೀರು ಅಷ್ಟೇ, ಎದ್ದು ನಿಂತ್ಕೊಳ್ಳಿ" ಎಂದ. ಅವರು ದಡಕ್ಕೆ ಬಂದು ಅಂಗಿಗಳನ್ನು ಹಿಂಡಿದಾಗ, ಜಿಲ್ಲೆ ಇಷ್ಟು ವರ್ಷಗಳಿಂದ ಕೇಳುತ್ತಿದ್ದ ಮೂರನೇ ಹಂತದ ಶುದ್ಧೀಕರಣವು ಸಣ್ಣ ಪ್ರಮಾಣದಲ್ಲಾದರೂ ಆರಂಭವಾದಂತಾಯಿತು.

ಸಂಜೆ ತೀರ್ಪುಗಾರರ ಸಭೆ ಸೇರಿತು, ನಾನೂ ಅದರಲ್ಲಿ ಒಬ್ಬ. ಬಂದಿದ್ದ ಚಿತ್ರಗಳಲ್ಲಿ ಮೂವತ್ತೇಳು ಮುಖ್ಯ ಅತಿಥಿಗಳವು. ಉಳಿದವುಗಳಲ್ಲಿ ಒಂದು ಮಾತ್ರ ವನ್ಯಜೀವಿಗೆ ಹತ್ತಿರದ್ದು: ನಡುಗಡ್ಡೆಯ ಫೈಬರ್ ಹೆಜ್ಜಾರ್ಲೆ, ಅದರ ತಲೆಯ ಮೇಲೆ ಕೂತ ಒಂದು ಕಾಗೆ. ಬೆಳಕು ಕೆಟ್ಟದ್ದಾಗಿದ್ದರೂ ಕಾಗೆಯ ಕಣ್ಣಿನ ಹೊಳಪು ಸ್ಪಷ್ಟವಾಗಿತ್ತು. ನನಗೆ ನಿಜಕ್ಕೂ ಹಿಡಿಸಿತು. ಆದರೆ ಸಭೆಯಲ್ಲಿ ಚರ್ಚೆ ಬೇರೆಯೇ ದಾರಿ ಹಿಡಿಯಿತು. ಕಾಗೆಯು ಕಾಯ್ದೆಯಲ್ಲಿ ಇಲಿ, ಬಾವಲಿಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದೆ ಎಂದು ಒಬ್ಬರು ಆಕ್ಷೇಪವೆತ್ತಿದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಗಿದೆ ಎಂದು ನಾನು ಹೇಳಿದೆ. ಪಟ್ಟಿ ಹೋದರೂ ಕಾಗೆ ಕಾಗೆಯೇ, ಮೊದಲ ಬಹುಮಾನ ಕಾಗೆಗೆ ಹೋದರೆ ತಿಥಿಯೂಟದ ನೆನಪಾಗಿ ಊರಿಗೆ ಅಪಶಕುನವಾಗುತ್ತದೆ, ಮೇಲಾಗಿ ಹೆಜ್ಜಾರ್ಲೆಗೆ ಸಮಿತಿಯ ಹಣ ಖರ್ಚಾಗಿದೆ, ಕಾಗೆಗೆ ಖರ್ಚಾಗಿಲ್ಲ ಎಂದು ಅಧ್ಯಕ್ಷರು ವಾದಿಸಿದರು. ಕೊನೆಗೆ ಕಂಪ್ಯೂಟರಿನಲ್ಲಿ ಕಾಗೆಯನ್ನು ಅಳಿಸಿ, 'ವಿಶ್ರಾಂತಿಯ ಸಹಜ ಭಂಗಿಯಲ್ಲಿ ಹೆಜ್ಜಾರ್ಲೆ' ಎಂಬ ಶೀರ್ಷಿಕೆ ಕೊಟ್ಟು, ನನ್ನೊಬ್ಬನ ಭಿನ್ನಮತವನ್ನು ನಡಾವಳಿಯಲ್ಲಿ ದಾಖಲಿಸಿ, ಚಿತ್ರಕ್ಕೆ ಪ್ರಥಮ ಬಹುಮಾನ ಘೋಷಿಸಲಾಯಿತು.

ಇಪ್ಪತ್ತು ಅಡಿಯ ಫ್ಲೆಕ್ಸಾಗಿ ಆ ಚಿತ್ರ ಈಗ ತೂಬಿನ ಬಳಿ ನಿಂತಿದೆ. ಅದರ ಮೇಲಂಚಿನ ಮೇಲೆ ದಿನಾ ಬೆಳಿಗ್ಗೆ ಕಾಗೆಯೊಂದು ಬಂದು ಕೂರುತ್ತದೆ. ಅದನ್ನು ಓಡಿಸಲು ದಿನಗೂಲಿಯ ಮೇಲೆ ಒಬ್ಬರನ್ನು ನೇಮಿಸಿ ಒಂದು ಕಯಾಕನ್ನು ಒದಗಿಸುವ ವಿಷಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ.